ಫೈಬರ್ ಪೆಟ್ಟಿಗೆ ಟಿವಿ ಪಕ್ಕ ಬೇಡ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೆಯ ಹೆಂಚಿನ ಮನೆ. ಬೆಂಗಳೂರಿನ ಮಗ ಮಳೆಗಾಲದಲ್ಲಿ ಇಲ್ಲೇ ಇದ್ದು ಆಫೀಸ್ ಕೆಲಸ ಮಾಡುತ್ತೇನೆ ಅನ್ನುತ್ತಾನೆ. ಕೇಬಲ್‌ನವರು ಫೈಬರ್ ಎಳೆದು, ಟಿವಿ ಪಕ್ಕ ಪೆಟ್ಟಿಗೆ ಕೂರಿಸುತ್ತಾರಂತೆ. 100 ಎಂಬಿಪಿಎಸ್ ಗ್ಯಾರಂಟಿ ಅಂದರು. ಮಗನ ಕೋಣೆ ಇರುವುದು ಉಪ್ಪರಿಗೆಯಲ್ಲಿ. ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಹಳೇ ಲ್ಯಾಂಡ್‌ಲೈನ್ ಆಗಲೂ ನಡೆಯುತ್ತಿತ್ತು. ಇದೂ ಹಾಗೇನಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾಗಲ್ಲ. ನಾನು ಟೆಲಿಫೋನ್ ಲೈನ್ ಕೆಲಸದಲ್ಲೇ ತಲೆ ಹಣ್ಣಾದವನು. ಲ್ಯಾಂಡ್‌ಲೈನ್‌ಗೆ ಬೇಕಾದ ಕರೆಂಟನ್ನು ನಾವೇ ಎಕ್ಸ್‌ಚೇಂಜ್ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲಿ ಕಳಿಸುತ್ತಿದ್ದೆವು, 48 ವೋಲ್ಟ್. ಊರೆಲ್ಲ ಕತ್ತಲಾದರೂ ನಿಮ್ಮ ಫೋನ್ ರಿಂಗಾಗುತ್ತಿದ್ದದ್ದು ಅದಕ್ಕೇ. ಫೈಬರ್ ಗಾಜಿನ ಎಳೆ. ಅದರಲ್ಲಿ ಬರುವುದು ಬರೀ ಬೆಳಕು. ಆ ಬೆಳಕನ್ನು ಇಂಟರ್ನೆಟ್ಟಾಗಿ ಬದಲಿಸಿ ವೈಫೈ ಕೊಡುವ, ಮನೆಯೊಳಗಿನ ಒಎನ್‌ಟಿ ಪೆಟ್ಟಿಗೆಗೆ ನಿಮ್ಮದೇ ಕರೆಂಟ್ ಬೇಕು.

ಇನ್ವರ್ಟರ್ ಇದ್ದರೆ ಅದರ ಲೈನಿಗೇ ಹಾಕಿಸಿ. ಇಲ್ಲದಿದ್ದರೆ ರೌಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡು ತನ್ನಿ, ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ಕೇಬಲ್‌ನವರ ಕಡೆಯ ಯಂತ್ರಕ್ಕೂ ಬ್ಯಾಟರಿ ಇದೆಯಾ, ಎಷ್ಟು ಹೊತ್ತು ಬರುತ್ತದೆ ಅಂತ ಈಗಲೇ ಕೇಳಿ. ಅಲ್ಲಿ ಆಫ್ ಆದರೆ ನಿಮ್ಮ ಯುಪಿಎಸ್ ಸುಮ್ನೆ ಮಿಣುಕುತ್ತಾ ಕೂರುತ್ತದೆ.

ಇನ್ನು ಟಿವಿ ಪಕ್ಕದ ವಿಷಯ. ಬಾಗಿಲಿಂದ ಒಳಗೆ ಬಂದರೆ ಮೊದಲು ಸಿಗುವ ಗೋಡೆ ಅದೇ ಅಲ್ವಾ, ಅವರಿಗೆ ಕೆಲಸ ಬೇಗ ಮುಗಿಯುತ್ತದೆ. ಆದರೆ ನಿಮ್ಮಂಥ ಹಳೇ ಮನೆಯ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೋತುಹೋಗುತ್ತದೆ. 5 ಗಿಗಾಹರ್ಟ್ಸ್ ವೈಫೈ ಅಂತೂ ಜಾಸ್ತಿ ಸ್ಪೀಡ್, ಕಡಿಮೆ ದೂರ. ಪೆಟ್ಟಿಗೆಯನ್ನು ಮಗನ ಕೋಣೆಯಲ್ಲೇ ಇಡಿಸಿ, ಕೇಬಲ್ ಹೊರಗಡೆಯಿಂದಲೇ ಉಪ್ಪರಿಗೆಗೆ ಹೋಗಲಿ. ಕೆಳಗೂ ಬೇಕಿದ್ದರೆ ಅಲ್ಲಿಂದ ಒಂದು ಕ್ಯಾಟ್ 6 ನೆಟ್‌ವರ್ಕ್ ವೈರ್ ಇಳಿಸಿ, ಜಗಲಿಯಲ್ಲಿ ಇನ್ನೊಂದು ರೌಟರ್ ಇಟ್ಟರಾಯಿತು.

ಎಳೆಯುವಾಗ ಪಕ್ಕದಲ್ಲೇ ನಿಂತಿರಿ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೇಬಲನ್ನು ಚೂಪಾಗಿ ಮಡಚಿ ಕ್ಲಿಪ್ ಹೊಡೆದುಬಿಡುತ್ತಾರೆ. ಗಾಜು ಮುರಿಯದಿದ್ದರೂ ಆ ಮಡಿಕೆಯಲ್ಲಿ ಬೆಳಕು ಸೋರುತ್ತದೆ. ದುಂಡಗೆ ತಿರುಗಿಸಲು ಹೇಳಿ. ಹೊರಗೆ ನಾಲ್ಕೈದು ಮೀಟರ್ ಹೆಚ್ಚುವರಿ ಕೇಬಲ್ ಸುತ್ತಿ ಇಡಿಸಿ, ಕೊಂಬೆ ಬಿದ್ದು ತುಂಡಾದಾಗ ಮತ್ತೆ ಜೋಡಿಸಲು ಬೇಕು. ಅಡಿಕೆ ಮರಕ್ಕಂತೂ ಬಿಗಿದು ಕಟ್ಟಿಸಬೇಡಿ. ಗಾಳಿಗೆ ಮರ ತೂಗಿದಾಗಲೆಲ್ಲ ಕೇಬಲ್ ಜಗ್ಗುತ್ತದೆ.

ಕೊನೆಗೆ, ಫೈಬರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ, ಅವರ ಹತ್ತಿರ ಇರುವ ಪವರ್ ಮೀಟರ್ ತೋರಿಸಲು ಹೇಳಿ. ಅದರ ಅಳತೆ ಡಿಬಿಎಂ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 20 ಆಸುಪಾಸು ಇದ್ದರೆ ಚೆನ್ನ. ಮೈನಸ್ 27ರ ಹತ್ತಿರ ಇದ್ದರೆ ಒಪ್ಪಬೇಡಿ, ಎಲ್ಲೋ ಜಾಯಿಂಟ್ ಸರಿಯಿಲ್ಲ, ಇಲ್ಲಾ ಮಡಿಕೆ ಇದೆ. ಬಂದ ಅಂಕಿಯನ್ನು ಪೆಟ್ಟಿಗೆ ಮೇಲೆ ಬರೆದಿಡಿ. ಮುಂದೆ ಪೆಟ್ಟಿಗೆಯಲ್ಲಿ ಬೆಳಕು ಬರುತ್ತಿಲ್ಲ ಅಂತ ಹೇಳುವ ಎಲ್‌ಒಎಸ್ ಕೆಂಪು ದೀಪ ಹತ್ತಿದಾಗ ರಿಪೇರಿಯವರ ಜೊತೆ ಮಾತಾಡಲು ಅನುಕೂಲ. ಫೈಬರ್ ಪೆಟ್ಟಿಗೆಗೆ ಸೇರುವ ಹಸಿರು ಕನೆಕ್ಟರನ್ನು ಮಾತ್ರ ನೀವು ಕಿತ್ತು ನೋಡಬೇಡಿ. ತುದಿಗೆ ಧೂಳು ಕೂರುತ್ತದೆ, ಅದರ ಬೆಳಕು ಕಣ್ಣಿಗೂ ಒಳ್ಳೆಯದಲ್ಲ.

100 ಎಂಬಿಪಿಎಸ್ ಅನ್ನುವುದು ಹೆಚ್ಚಾಗಿ ಡೌನ್‌ಲೋಡ್ ಲೆಕ್ಕ. ಮಗನ ಮೀಟಿಂಗಿಗೆ ಅಪ್‌ಲೋಡೂ ಬೇಕು, ಅದೆಷ್ಟು ಅಂತ ಕೇಳಿ. ಸ್ಪೀಡ್ ಟೆಸ್ಟ್ ಉಪ್ಪರಿಗೆಯಲ್ಲಿ, ಮಗ ಕೂರುವ ಜಾಗದಲ್ಲಿ, ಅವನ ಲ್ಯಾಪ್‌ಟಾಪಲ್ಲೇ ಆಗಲಿ. ಪೆಟ್ಟಿಗೆ ಪಕ್ಕ ಫೋನ್ ಹಿಡಿದರೆ 100 ಬಂದೇ ಬರುತ್ತದೆ ಬಿಡಿ.