ಪ್ರಶ್ನೋತ್ತರ: ಸಿಮೆಂಟು 300 ವರ್ಷ ತಾಳೀತೇ?

ಪ್ರಶ್ನೆ: ಅಣುಸ್ಥಾವರದ ತ್ಯಾಜ್ಯವನ್ನು ಸಿಮೆಂಟಿನಲ್ಲಿ ಗಟ್ಟಿ ಮಾಡಿ 300 ವರ್ಷ ಇಡುತ್ತಾರೆಂದು ಓದಿದೆ. ನಮ್ಮ ಮನೆಯ ತಾರಸಿಗೆ ಇನ್ನೂ 25 ವರ್ಷ ತುಂಬಿಲ್ಲ. ಅಡಿಗೆಕೋಣೆಯ ಮೇಲೆ ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ, ಕೆಂಪು ಹಿಡಿದ ಸರಳು ಕಾಣುತ್ತಿದೆ. 300 ವರ್ಷ ಎಂದರೆ ನಂಬುವುದು ಹೇಗೆ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ತಾರಸಿಯನ್ನು ಕೆಡಿಸಿದ್ದು ಸರಳಿನ ತುಕ್ಕು. ಕಡಲ ಗಾಳಿಯ ಉಪ್ಪು ವರ್ಷವರ್ಷವೂ ಒಂದಿಷ್ಟು ಒಳಗಿಳಿದು ಸರಳನ್ನು ಮುಟ್ಟಿದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿದಾಗ ಕೆಳಗಿನ ಪದರ ಕಳಚಿ ಬೀಳದೆ ವಿಧಿಯಿಲ್ಲ. ತ್ಯಾಜ್ಯ ಬೆರೆಸಿದ ಸಿಮೆಂಟಿನ ಗಟ್ಟಿಯೊಳಗೆ ಸರಳೇ ಇರುವುದಿಲ್ಲ, ಆದ್ದರಿಂದ ಈ ರೋಗವೂ ಅದಕ್ಕಿಲ್ಲ.

ಅಲ್ಲಿ ಸಿಮೆಂಟಿನ ಕೆಲಸವೂ ಬೇರೆ. ಗಟ್ಟಿಯಾದ ಸಿಮೆಂಟಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿಯುವ ನೀರು ತೀರಾ ಕ್ಷಾರ. ಅದರ ಪಿಎಚ್ 12.5ರಿಂದ ಹಿಡಿದು 13ಕ್ಕೂ ಮೇಲೆ ಇರುತ್ತದೆ. ಅಂಥ ನೀರಿನಲ್ಲಿ ತ್ಯಾಜ್ಯದ ಕೋಬಾಲ್ಟ್, ಪ್ಲುಟೋನಿಯಂಗಳಂಥ ವಿಕಿರಣಶೀಲ ಧಾತುಗಳು ಕರಗದೆ ಗಸಿಯಾಗಿ ಕೂರುತ್ತವೆ. ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ಹತ್ತಿರದ ಸಂಬಂಧಿ, ಹಾಗಾಗಿ ಸಿಮೆಂಟಿನ ರಚನೆಯೊಳಗೇ ಸೇರಿಕೊಳ್ಳುತ್ತದೆ. ಕೈಗೆ ಸಿಗದೆ ಜಾರುವುದು ಸೀಸಿಯಂ. ಅಡುಗೆ ಉಪ್ಪಿನ ಸೋಡಿಯಂನ ಹಾಗೆ ಅದು ಎಂಥ ನೀರಿನಲ್ಲೂ ಕರಗಿಯೇ ಇರುತ್ತದೆ. ಬರೀ ಸಿಮೆಂಟಿಗೆ ಅದನ್ನು ಹಿಡಿದಿಡಲು ಬಾರದು. ವರ್ಮಿಕ್ಯುಲೈಟ್, ಬೆಂಟೊನೈಟ್ ಅಥವಾ ಜಿಯೋಲೈಟ್‌ನಂಥ ಖನಿಜದ ಪುಡಿಯನ್ನು ಜೊತೆಗೆ ಕಲಸಬೇಕು.

300 ವರ್ಷದ ಲೆಕ್ಕವೂ ಸೀಸಿಯಂನದೇ. ಸೀಸಿಯಂ-137 ಸುಮಾರು 30 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಹತ್ತು ಸಲ ಅರ್ಧವಾದರೆ ಉಳಿಯುವುದು 1,024ರಲ್ಲಿ ಒಂದು ಪಾಲು. ಅಂದರೆ ಸಿಮೆಂಟು ಹೊಂದುವುದು ಕಡಿಮೆ ಮತ್ತು ಮಧ್ಯಮ ಮಟ್ಟದ ತ್ಯಾಜ್ಯಕ್ಕೆ ಮಾತ್ರ. ಬಳಸಿದ ಇಂಧನವನ್ನು ಮರುಸಂಸ್ಕರಿಸುವಾಗ ಉಳಿಯುವ ಉಗ್ರ ದ್ರಾವಣವನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಆ ಘಟಕಗಳಿವೆ. ಅದನ್ನು ಸಿಮೆಂಟಿಗೆ ಹಾಕಿದರೆ ಅದರ ಬಿಸಿ ಮತ್ತು ವಿಕಿರಣಕ್ಕೆ ಸಿಮೆಂಟಿನೊಳಗಿನ ನೀರೇ ಒಡೆದು ಅನಿಲವಾಗುತ್ತದೆ.

ಸರಳಿನ ಚಿಂತೆ ಬರುವುದು ಈ ಸಿಮೆಂಟಿನ ಗಟ್ಟಿ ತುಂಬಿದ ಡ್ರಮ್ಮುಗಳನ್ನು ಇಡುವ ಆರ್‌ಸಿಸಿ ಕಂದಕದಲ್ಲಿ. ಕೈಗಾ ಸೇರಿದಂತೆ ನಮ್ಮ ಅಣುಸ್ಥಾವರಗಳ ಆವರಣದಲ್ಲೇ ಇಂಥ ಸಂಗ್ರಹ ಜಾಗಗಳಿರುತ್ತವೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ, ಕೆಂಪುಕಲ್ಲಿನ ತೂತುಗಳಲ್ಲಿ ನೀರು ಹರಿಯುವ ಸೀಮೆಯಲ್ಲಿ ಕಂದಕದ ತಳ ಆಟಿ ತಿಂಗಳ (ಮಳೆಗಾಲದ) ಅಂತರ್ಜಲಕ್ಕಿಂತ ಮೇಲಿರಬೇಕು, ಮುಚ್ಚಳದ ಮೇಲೆ ನೀರು ನಿಲ್ಲಬಾರದು. ನೀವು ಹೊಸ ತಾರಸಿ ಹಾಕಿಸುವುದಾದರೆ ಅದಕ್ಕೂ ಒಂದು ಮಾತು: ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಡಲತೀರದ ಕಟ್ಟಡಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ನೀರು-ಸಿಮೆಂಟಿನ ಅನುಪಾತ ಹೆಚ್ಚೆಂದರೆ 0.45, ಸರಳಿನ ಹೊರಗೆ 45 ಮಿ.ಮೀ. ಕವರ್. ಅಲೆಯ ಸಿಂಚನ ನೇರ ಬಡಿಯುವಲ್ಲಿ ಎಂ35 ಮತ್ತು 50 ಮಿ.ಮೀ. ಸ್ಲ್ಯಾಬ್ ಹಾಕುವ ಮುನ್ನ ಕವರ್ ಬ್ಲಾಕನ್ನು ನೀವೇ ಅಳೆದು ನೋಡಿ.

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ. ಒಂದು ಡ್ರಮ್ಮಿಗೆ ಎಷ್ಟು ಸಿಮೆಂಟು, ಎಷ್ಟು ತ್ಯಾಜ್ಯ? ಮಿಶ್ರಣ ಎಲ್ಲಿ ಕೆಡುತ್ತದೆ?
– ಓದುಗರೊಬ್ಬರು, ಕಾರ್ಕಳ

ಉತ್ತರ: 200 ಲೀಟರಿನ ಉಕ್ಕಿನ ಡ್ರಮ್ಮಿನಲ್ಲಿ 180 ಲೀಟರ್ ತುಂಬುವುದೆಂದು ಇಟ್ಟುಕೊಳ್ಳಿ. ನೀರು-ಸಿಮೆಂಟಿನ ಅನುಪಾತ 0.45 ಆದರೆ ಸಿಮೆಂಟು ಸುಮಾರು 235 ಕಿಲೊ, ನೀರು ಸುಮಾರು 105 ಲೀಟರ್. ಆ ನೀರಿನ ಜಾಗದಲ್ಲಿ ಬರುವುದೇ ದ್ರವತ್ಯಾಜ್ಯ. ಬೇರೆ ನೀರು ಹಾಕುವಂತಿಲ್ಲ. ಇದು ತ್ಯಾಜ್ಯವನ್ನು ಶುದ್ಧ ನೀರೆಂದು ಹಿಡಿದ ಲೆಕ್ಕ. ಅದರಲ್ಲಿ ಕರಗಿದ ಉಪ್ಪಿನ ತೂಕ ಕಳೆದು, ವರ್ಮಿಕ್ಯುಲೈಟ್ ಹೀರುವ ನೀರನ್ನು ಕೂಡಿಸಿ ಅನುಪಾತ ಸರಿಮಾಡಬೇಕು. ಮೊದಲು ಡ್ರಮ್ಮಿಗೆ ದ್ರವ, ಆಮೇಲೆ ಅಲಗು ತಿರುಗುತ್ತಿರುವಂತೆಯೇ ಸಿಮೆಂಟಿನ ಪುಡಿ. ತಿರುಗುವ ಅಲಗನ್ನು ಕೆಲವೆಡೆ ಡ್ರಮ್ಮಿನೊಳಗೇ ಬಿಟ್ಟುಬಿಡುತ್ತಾರೆ. ತೊಳೆದರೆ ಆ ನೀರೂ ಮತ್ತೆ ತ್ಯಾಜ್ಯವೇ ತಾನೆ.

ಹೊಯ್ಗೆ, ಜಲ್ಲಿ ಇಲ್ಲದ್ದರಿಂದ ಡ್ರಮ್ಮಿನ ನಡುಭಾಗ ವಿಪರೀತ ಕಾಯುತ್ತದೆ. ಸುಮಾರು 70 ಡಿಗ್ರಿ ದಾಟಿದರೆ ಆಗ ಮೂಡಬೇಕಾದ ಎಟ್ರಿಂಗೈಟ್ ಹರಳು ಮೂಡದೆ, ತಿಂಗಳುಗಳ ಮೇಲೆ ಗಟ್ಟಿ ಕಲ್ಲಿನೊಳಗೆ ಹುಟ್ಟಿ ಅದನ್ನು ಬಿರಿಸುತ್ತದೆ. ಸಿಮೆಂಟಿನ ದೊಡ್ಡ ಪಾಲನ್ನು ಊದುಕುಲುಮೆಯ ಕಿಟ್ಟದ (ಸ್ಲ್ಯಾಗ್) ಪುಡಿಗೆ ಬದಲಿಸಿದರೆ ಬಿಸಿ ನಿಧಾನವಾಗಿ, ಕಡಿಮೆಯಾಗಿ ಏಳುತ್ತದೆ. ಬ್ರಿಟನ್ನಿನಲ್ಲಿ ಮೂರು ಪಾಲು ಕಿಟ್ಟಕ್ಕೆ ಒಂದು ಪಾಲು ಸಿಮೆಂಟು, ಕೆಲವೊಮ್ಮೆ ಒಂಬತ್ತಕ್ಕೆ ಒಂದು ಕೂಡ ಬಳಸುತ್ತಾರೆ.

ಮಿಶ್ರಣ ಕೆಡುವುದು ಹೆಚ್ಚಾಗಿ ತ್ಯಾಜ್ಯದಲ್ಲಿ ಏನಿದೆಯೆಂದು ತಿಳಿಯದೆ ಹೋದಾಗ. ಬೋರಿಕ್ ಆಮ್ಲವಿದ್ದರೆ ಸಿಮೆಂಟು ಸೆಟ್ ಆಗದೆ ದಿನಗಟ್ಟಲೆ ಅಂಬಲಿಯಂತೆ ಕೂರುತ್ತದೆ. ಮೊದಲೇ ಸುಣ್ಣ ಬೆರೆಸಿ ಬೋರೇಟನ್ನು ಗಸಿ ಮಾಡಿಕೊಳ್ಳಬೇಕು. ನೀರು ಶುದ್ಧೀಕರಿಸುವ ಅಯಾನು ವಿನಿಮಯ ರಾಳದ ಮಣಿಗಳು ನೀರು ಕುಡಿದು ಉಬ್ಬುತ್ತವೆ. ಅತಿಯಾಗಿ ತುಂಬಿದ ಗಟ್ಟಿಯನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಬಿರುಕು ಬಿಟ್ಟು, ಕಡೆಗೆ ಕೈಯಲ್ಲೇ ಪುಡಿಯಾಗುವುದುಂಟು. ಒಣತೂಕದಲ್ಲಿ ರಾಳದ ಪಾಲು ಹತ್ತಿಪ್ಪತ್ತು ಶೇಕಡಾ ಮೀರದಿರುವುದೇ ಲೇಸು.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಅಲ್ಯೂಮಿನಿಯಂ ಚೂರುಗಳ ಬಗ್ಗೆ. ಕ್ಷಾರದಲ್ಲಿ ಅದು ಕರಗಿ ಹೈಡ್ರೋಜನ್ ಬಿಡುತ್ತದೆ. ಒಂದು ಕಿಲೊ ಪೂರ್ತಿ ಕರಗಿದರೆ ಸುಮಾರು 1,360 ಲೀಟರ್ ಅನಿಲ! ಮಂಗಳೂರಿನ ಫ್ಲ್ಯಾಟುಗಳ ಗೋಡೆಗೆ ಇಡುವ ಹಗುರ ಎಎಸಿ ಬ್ಲಾಕನ್ನು ಒಡೆದು ನೋಡಿ, ಒಳಗೆ ನೀರುದೋಸೆಯ ಕಣ್ಣುಗಳ ಹಾಗೆ ತೂತುಗಳಿರುತ್ತವೆ. ಅವನ್ನು ಮಾಡಿದ್ದು ಚಿಟಿಕೆ ಅಲ್ಯೂಮಿನಿಯಂ ಪುಡಿ. ಬ್ಲಾಕಿಗೆ ಅದು ಗುಣ. ಮುಚ್ಚಿದ ಡ್ರಮ್ಮಿಗೆ ಅಪಾಯ.

ಆದ್ದರಿಂದ ವಿಕಿರಣವಿಲ್ಲದ, ಅದೇ ಉಪ್ಪುಗಳ ನಕಲಿ ದ್ರವದಿಂದ ಮೊದಲು ಸಣ್ಣ ಅಚ್ಚುಗಳನ್ನು ಹಾಕಿ ನೋಡುತ್ತಾರೆ. ಮರುದಿನ ಅಚ್ಚನ್ನು ವಾಲಿಸಿದರೆ ಮೇಲೆ ತಿಳಿನೀರು ಕಾಣಬಾರದು. 28 ದಿನಕ್ಕೆ ಒತ್ತಿ ಬಲ ಅಳೆಯುವುದು, ಆಮೇಲೆ ನೀರಿನಲ್ಲಿ ಮುಳುಗಿಸಿ, ನಿಗದಿತ ದಿನಗಳಿಗೊಮ್ಮೆ ನೀರು ಬದಲಿಸುತ್ತ ಎಷ್ಟು ಸೋರಿತೆಂದು ಅಳೆಯುವುದು.

ಪ್ರಶ್ನೆ: ಹಿಂದೆ ಇಂಥ ಡ್ರಮ್ಮುಗಳನ್ನು ಸಮುದ್ರಕ್ಕೆ ಎಸೆಯುತ್ತಿದ್ದರಂತೆ, ನಿಜವೇ? ತೀರದಲ್ಲಿ ಇಟ್ಟರೂ ಅಪಾಯವಲ್ಲವೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಜ. 1946ರಿಂದ ಹಲವು ದೇಶಗಳು ಎಸೆದಿವೆ. 1993ರಲ್ಲಿ ಲಂಡನ್ ಒಪ್ಪಂದದ ದೇಶಗಳು ಅದನ್ನು ಪೂರ್ತಿ ನಿಷೇಧಿಸಿದವು. ತೀರದ ವಿಚಾರಕ್ಕೆ ಮಾರ್ಷಲ್ ದ್ವೀಪಗಳ ರೂನಿಟ್ ಗುಮ್ಮಟ ನೋಡಿ. 1958ರ ಅಣುಸ್ಫೋಟದ ಕುಳಿಗೆ ಮಲಿನ ಮಣ್ಣು ತುಂಬಿ, 1980ರ ಹೊತ್ತಿಗೆ ಮೇಲೆ ಸುಮಾರು 46 ಸೆಂ.ಮೀ. ದಪ್ಪದ ಕಾಂಕ್ರೀಟು ಹೊದಿಸಿದರು. ತಳಕ್ಕೆ ಏನನ್ನೂ ಹಾಸಲಿಲ್ಲ. ಹವಳದ ಕಲ್ಲಿನ ಮೂಲಕ ಭರತ-ಇಳಿತದ ನೀರು ಇಂದಿಗೂ ಅಡಿಯಿಂದ ಒಳಹೊರಗೆ ಆಡುತ್ತಿದೆ. ನಿಮ್ಮ ಊರಿನ ಬಾವಿಯಲ್ಲಿ ಭರತಕ್ಕೆ ನೀರೇರುವುದನ್ನು ನೋಡಿದ್ದರೆ ಆ ತಪ್ಪು ಎಷ್ಟು ದೊಡ್ಡದೆಂದು ಥಟ್ಟನೆ ಗೊತ್ತಾಗುತ್ತದೆ. ಮೇಲಿನ ಮುಚ್ಚಳ ಮಳೆಯನ್ನು ತಡೆದೀತು, ಕೆಳಗಿಂದ ಬರುವ ಕಡಲನ್ನು ತಡೆಯದು.

ಪ್ರಶ್ನೆ: ಪಡುಬಿದ್ರಿ ಕಡೆ ಸಿಗುವ ಹಾರುಬೂದಿಯನ್ನು ಇದಕ್ಕೆ ಬಳಸಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಹಾರುಬೂದಿಯ (ಕಲ್ಲಿದ್ದಲು ಉರಿದಾಗ ಹೊಗೆಯೊಡನೆ ಏಳುವ ಬೂದಿ) ಬಳಕೆ ಹಳೆಯದು. ಅಮೆರಿಕದ ಅಣುಕೇಂದ್ರ ಸವಾನಾ ರಿವರ್‌ನಲ್ಲಿ ವಿಕಿರಣಶೀಲ ಉಪ್ಪುದ್ರಾವಣವನ್ನು ಗಟ್ಟಿ ಮಾಡಲು ಬಹುಕಾಲ ಬಳಸಿದ ಪುಡಿಯಲ್ಲಿ ನೂರಕ್ಕೆ 45 ಪಾಲು ಹಾರುಬೂದಿ, 45 ಕಿಟ್ಟ, ಸಿಮೆಂಟು ಬರೀ 10 ಇತ್ತು. ಕಿಟ್ಟದಲ್ಲಿರುವ ಸಲ್ಫೈಡು ನೀರಲ್ಲಿ ಕರಗುವ ವಿಕಿರಣಶೀಲ ಧಾತು ಟೆಕ್ನೀಷಿಯಂ-99ನ್ನು ಕರಗದ ರೂಪಕ್ಕೆ ತಿರುಗಿಸುತ್ತದೆ. ಬೂದಿಗೆ ಆ ಗುಣವಿಲ್ಲ, ಆದರೆ ಬಿಸಿ ತಗ್ಗಿಸಿ, ರಂಧ್ರಗಳನ್ನು ಕಿರಿದು ಮಾಡುತ್ತದೆ. ಪ್ರತಿ ಲಾರಿಯ ಬೂದಿಯಲ್ಲೂ ಉಳಿದ ಇದ್ದಿಲಿನ ಪ್ರಮಾಣ ಪರೀಕ್ಷಿಸಬೇಕು. ಅದು ಏರಿಳಿದರೆ ಬೇಕಾದ ನೀರೂ ಏರಿಳಿಯುತ್ತದೆ.

ಪ್ರಶ್ನೆ: ಥೈರಾಯ್ಡ್ ಚಿಕಿತ್ಸೆಗೆ ಅಯೋಡಿನ್ ಕೊಡುವ ನಮ್ಮೂರಿನ ಆಸ್ಪತ್ರೆಗಳ ತ್ಯಾಜ್ಯವನ್ನೂ ಹೀಗೆಯೇ ಮಾಡುತ್ತಾರೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬೇಕಿಲ್ಲ. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. 80 ದಿನಕ್ಕೆ ಸಾವಿರದಲ್ಲೊಂದು ಪಾಲು. ಆ ಕೋಣೆಗಳ ಶೌಚದ ನೀರನ್ನು ಪ್ರತ್ಯೇಕ ಟ್ಯಾಂಕುಗಳಲ್ಲಿ ತಡೆದಿಟ್ಟು, ಅಳೆದು ನೋಡಿ ಬಿಡುತ್ತಾರೆ. ಒಂದು ತುಂಬಿ ತಂಗುವಾಗ ಇನ್ನೊಂದು ತುಂಬುತ್ತಿರುತ್ತದೆ. ಕ್ಯಾನ್ಸರ್ ಯಂತ್ರದ ಹಳೆಯ ಕೋಬಾಲ್ಟ್ ತುಂಡಿನ ದಾರಿ ಬೇರೆ: ಸೀಸದ ಕವಚದಲ್ಲಿ ಅದು ಕೊಟ್ಟವರಿಗೇ ವಾಪಸು.