ಎಲ್ಲಾ ಎಲೆಕ್ಟ್ರಾನ್‌ಗಳೂ ಬೆಳಕಿನ ವೇಗದಲ್ಲೇ ಓಡುವಾಗ ಹಿಂದಿನದು ಮುಂದಿನದನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ಕೊಪ್ಪಳದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ದೊಡ್ಡ ಆಕ್ಸಿಲರೇಟರ್‌ಗಳಲ್ಲಿ ಎಲೆಕ್ಟ್ರಾನ್ ಬಂಚನ್ನು (ಒಟ್ಟಿಗೆ ಓಡುವ ಎಲೆಕ್ಟ್ರಾನ್‌ಗಳ ಗುಂಪನ್ನು) ನೂರು ಪಟ್ಟು ಗಿಡ್ಡ ಮಾಡುತ್ತಾರೆ ಎಂದು ಓದಿದೆ. ಎಲ್ಲವೂ ಹೆಚ್ಚೂಕಮ್ಮಿ ಬೆಳಕಿನ ವೇಗದಲ್ಲೇ ಇದ್ದರೆ ಬಾಲ ತಲೆಯನ್ನು ಹಿಡಿಯುವುದು ಹೇಗೆ? ಮೊದಲೇ ಗಿಡ್ಡ ಬಂಚ್ ಮಾಡಬಾರದಾ? ನಮ್ಮ ಇಂದೋರಿನ ಯಂತ್ರದಲ್ಲೂ ಹೀಗೆ ಮಾಡುತ್ತಾರಾ?

ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ವೇಗ ಹೆಚ್ಚಿಸಿ ಹಿಡಿಯಲು ಆಗುವುದಿಲ್ಲ. ನಾನು ಬಳ್ಳಾರಿಯಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ರಿಲೇಟಿವಿಟಿ ಪಾಠ ಮುಗಿಯುತ್ತಿದ್ದಂತೆ "ಹಾಗಾದ್ರೆ ಆಕ್ಸಿಲರೇಟರ್ ಏನನ್ನ ಜಾಸ್ತಿ ಮಾಡುತ್ತೆ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಶಕ್ತಿ ಜಾಸ್ತಿಯಾಗುತ್ತದೆ, ವೇಗ ಅಲ್ಲಿಗೇ ನಿಂತಿರುತ್ತದೆ. ನಿಮ್ಮ ಪ್ರಶ್ನೆಯ ಉತ್ತರವೂ ಇದರಲ್ಲೇ ಅಡಗಿದೆ.

ಮೊದಲು ಒಂದು ಲೆಕ್ಕ. ಎಲೆಕ್ಟ್ರಾನಿನ ಶಕ್ತಿ 250 ಎಂಇವಿ, ಅಂದರೆ 25 ಕೋಟಿ ಎಲೆಕ್ಟ್ರಾನ್-ವೋಲ್ಟ್ ಎಂದುಕೊಳ್ಳಿ. ಅದರ ಗಾಮಾ, ಅಂದರೆ ಒಟ್ಟು ಶಕ್ತಿ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬುದು, ಸುಮಾರು 490. ಬೆಳಕಿನ ವೇಗಕ್ಕಿಂತ ಅದು ಹಿಂದೆ ಇರುವುದು 10 ಲಕ್ಷದಲ್ಲಿ ಎರಡೇ ಪಾಲು. ಪಕ್ಕದ ಇನ್ನೊಂದು ಎಲೆಕ್ಟ್ರಾನಿಗೆ ಶೇ. 1ರಷ್ಟು ಹೆಚ್ಚು ಶಕ್ತಿ ಕೊಟ್ಟಿರಿ ಎಂದರೆ, 10 ಮೀಟರ್ ಓಡುವಷ್ಟರಲ್ಲಿ ಅದು ಎಷ್ಟು ಮುಂದೆ ಹೋಗುತ್ತದೆ? ಬರೀ 0.4 ಮೈಕ್ರಾನ್, ಅಂದರೆ 0.0004 ಮಿ.ಮೀ. ಬಂಚ್‌ನ ಉದ್ದ ಇರುವುದು ಮಿ.ಮೀ.ಗಳಲ್ಲಿ. ಈ ಲೆಕ್ಕದಲ್ಲಿ ಬಾಲ ತಲೆಯನ್ನು ಮುಟ್ಟುವುದು ಯಾವ ಕಾಲಕ್ಕೆ?

ಹಾಗಾಗಿ ಓಟದ ಬದಲು ದಾರಿಯನ್ನೇ ಬದಲಿಸುತ್ತಾರೆ. ಸಂಡೂರಿನಿಂದ ತೋರಣಗಲ್ಲಿನ ಕಡೆ ಅದಿರಿನ ಲಾರಿಗಳು ಸಾಲಾಗಿ ಬರುವುದನ್ನು ನೀವು ನೋಡಿರಬಹುದು. ಎಲ್ಲದಕ್ಕೂ ಒಂದೇ ವೇಗ, ಓವರ್‌ಟೇಕ್‌ಗೆ ಜಾಗವಿಲ್ಲ ಎಂದುಕೊಳ್ಳಿ. ಮುಂದಿನ ಲಾರಿ ಸುತ್ತುದಾರಿಗೆ ತಿರುಗಿ, ಹಿಂದಿನದು ಒಳದಾರಿ ಹಿಡಿದರೆ, ದಾರಿ ಕೂಡುವ ಹೊತ್ತಿಗೆ ಎರಡೂ ಒಟ್ಟಿಗೆ ಇರುತ್ತವೆ. ಯಾರೂ ವೇಗ ಹೆಚ್ಚಿಸಿಲ್ಲ.

ಆಕ್ಸಿಲರೇಟರ್‌ನಲ್ಲಿ ಈ ಸುತ್ತುದಾರಿಯ ಹೆಸರು ಚಿಕೇನ್. ನಾಲ್ಕು ಬಾಗಿಸುವ ಮ್ಯಾಗ್ನೆಟ್‌ಗಳು. ಮೊದಲನೆಯದು ಬಂಚನ್ನು ಪಕ್ಕಕ್ಕೆ ತಿರುಗಿಸುತ್ತದೆ, ಎರಡನೆಯದು ನೇರ ಮಾಡುತ್ತದೆ, ಮೂರನೆಯದು ಮತ್ತು ನಾಲ್ಕನೆಯದು ಹಳೇ ಸಾಲಿಗೆ ತಂದು ಬಿಡುತ್ತವೆ. ಶಕ್ತಿ ಕಡಿಮೆ ಇರುವ ಎಲೆಕ್ಟ್ರಾನ್ ಜಾಸ್ತಿ ಬಾಗುತ್ತದೆ, ಅದಕ್ಕೆ ಉದ್ದದ ದಾರಿ. ಶಕ್ತಿ ಹೆಚ್ಚಿರುವುದು ಕಡಿಮೆ ಬಾಗುತ್ತದೆ, ಅದಕ್ಕೆ ಹತ್ತಿರದ ದಾರಿ.

ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಪೆನ್ನು ಹಿಡಿದು ನೋಡಿ. ಓರೆಯಾಗಿ ಸಾಗುವ ಒಂದೊಂದು ತುಂಡಿನ ಉದ್ದ 2.5 ಮೀಟರ್, ಬಾಗುವ ಕೋನ 5 ಡಿಗ್ರಿ, ಅಂದರೆ 0.087 ರೇಡಿಯನ್ ಎಂದಿಟ್ಟುಕೊಳ್ಳಿ. ಅಂಥ ಎರಡು ತುಂಡು ಸೇರಿ ನೇರ ದಾರಿಗಿಂತ ಸುಮಾರು 19 ಮಿ.ಮೀ. ಉದ್ದ. ಈ ಹೆಚ್ಚುವರಿ ಉದ್ದ ಕೋನದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಶಕ್ತಿ ಶೇ. 1 ಏರಿದರೆ ಕೋನ ಶೇ. 1 ಇಳಿಯುತ್ತದೆ, ಹೆಚ್ಚುವರಿ ಉದ್ದ ಶೇ. 2 ಇಳಿಯುತ್ತದೆ. ಅಲ್ಲಿಗೆ 0.38 ಮಿ.ಮೀ. ದಾರಿ ಉಳಿತಾಯವಾಯಿತು. ಮೇಲಿನ 0.0004ರ ಜೊತೆ ಹೋಲಿಸಿ. ಅದೇ ಶೇ. 1, ಫಲ ಸಾವಿರ ಪಟ್ಟು.

ಈಗ ಬಾಲದಲ್ಲಿರುವವಕ್ಕೆ ಮಾತ್ರ ಹೆಚ್ಚು ಶಕ್ತಿ ಸಿಗಬೇಕು, ಅಲ್ವಾ? ಅದು ಸುಲಭ. ಶಕ್ತಿ ಕೊಡುವ ರೇಡಿಯೋ ಅಲೆ ಇನ್ನೂ ಏರುತ್ತಿರುವಾಗಲೇ, ಶಿಖರಕ್ಕೆ ಸ್ವಲ್ಪ ಮೊದಲು, ಬಂಚನ್ನು ಒಳಗೆ ಬಿಡುತ್ತಾರೆ. ತಲೆ ಮೊದಲು ಬರುತ್ತದೆ, ಅದಕ್ಕೆ ಕಡಿಮೆ ವೋಲ್ಟೇಜ್. ಬಾಲ ಬರುವಷ್ಟರಲ್ಲಿ ಅಲೆ ಏರಿರುತ್ತದೆ, ಅದಕ್ಕೆ ಹೆಚ್ಚು. ಹೀಗೆ ತಲೆಯಿಂದ ಬಾಲದವರೆಗೆ ಶಕ್ತಿ ಏರುತ್ತಾ ಹೋಗುವುದಕ್ಕೆ ಚಿರ್ಪ್ ಎನ್ನುತ್ತಾರೆ. ಅಲೆ ನೇರ ಗೆರೆಯಲ್ಲ, ಬಾಗಿರುತ್ತದೆ. ಆ ಬಾಗನ್ನು ನೆಟ್ಟಗೆ ಮಾಡಲು ಹೆಚ್ಚು ಫ್ರೀಕ್ವೆನ್ಸಿಯ ಇನ್ನೊಂದು ಚಿಕ್ಕ ಕ್ಯಾವಿಟಿ (ರೇಡಿಯೋ ಅಲೆ ತುಂಬುವ ಲೋಹದ ಪೊಳ್ಳು ಕೋಶ) ಬೇಕಾಗುತ್ತದೆ. ಅದರ ಕಥೆ ಇಲ್ಲಿ ಬೇಡ.

ನಿಜವಾದ ಯಂತ್ರದ ಅಂಕಿ ನೋಡೋಣ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಎಲ್‌ಸಿಎಲ್‌ಎಸ್ ಎಂಬ ಎಕ್ಸ್‌ರೇ ಲೇಸರ್ ಇದೆ. 2009ರ ಏಪ್ರಿಲ್‌ನಲ್ಲಿ ಅದು ಮೊದಲ ಸಲ 1.5 ಆಂಗ್‌ಸ್ಟ್ರಾಮ್ ತರಂಗದ ಲೇಸರ್ ಬೆಳಕು ಕೊಟ್ಟಿತು. ಅಲ್ಲಿನ ಒಂದು ಬಂಚ್‌ನಲ್ಲಿ 250 ಪಿಕೋಕೂಲಂಬ್ ಚಾರ್ಜ್ ಎಂದರೆ ಸುಮಾರು 150 ಕೋಟಿ ಎಲೆಕ್ಟ್ರಾನ್. ಗನ್ನಿನಿಂದ, ಅಂದರೆ ಎಲೆಕ್ಟ್ರಾನ್‌ಗಳನ್ನು ಹುಟ್ಟಿಸಿ ಹೊರಬಿಡುವ ಭಾಗದಿಂದ, ಹೊರಡುವಾಗ ಅದರ ಕರೆಂಟ್ 30 ಆಂಪಿಯರ್ ಆಸುಪಾಸು. ಎಕ್ಸ್‌ರೇ ಲೇಸರ್ ಹೊತ್ತಿಕೊಳ್ಳಬೇಕಾದರೆ ಅಷ್ಟು ಸಾಲದು. ಅಷ್ಟೇ ಎಲೆಕ್ಟ್ರಾನ್‌ಗಳು ಇನ್ನೂ ಒತ್ತೊತ್ತಾಗಿ, 3,000 ಆಂಪಿಯರ್‌ನಂತೆ ಬರಬೇಕು. ಚಾರ್ಜನ್ನು ಕರೆಂಟಿನಿಂದ ಭಾಗಿಸಿ: 8 ಪಿಕೋಸೆಕೆಂಡ್ ಇದ್ದದ್ದು 80 ಫೆಮ್ಟೊಸೆಕೆಂಡ್ ಆಗಬೇಕು (ಒಂದು ಪಿಕೋಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್). ನೀವು ಓದಿದ ನೂರು ಪಟ್ಟು ಇದೇ.

ಮೊದಲೇ ಗಿಡ್ಡ ಬಂಚ್ ಮಾಡಬಾರದಾ ಎಂದಿರಿ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಶಕ್ತಿ ಕಡಿಮೆ ಇರುವಾಗ ಈ ತಳ್ಳಾಟ ಜೋರು. 150 ಕೋಟಿ ಎಲೆಕ್ಟ್ರಾನ್‌ಗಳನ್ನು ಗನ್ನಿನ ಬಾಯಲ್ಲೇ ಒತ್ತಿದರೆ ಬಂಚ್ ಅಲ್ಲೇ ಚೆದುರಿಹೋಗುತ್ತದೆ. ಶಕ್ತಿ ಏರಿದಂತೆ ಈ ಬಲ ಗಾಮಾದ ವರ್ಗದಷ್ಟು ತಗ್ಗುತ್ತದೆ. ಅದಕ್ಕೇ ಎಲ್‌ಸಿಎಲ್‌ಎಸ್‌ನಲ್ಲಿ ಮೊದಲ ಚಿಕೇನ್ ಇರುವುದು 250 ಎಂಇವಿ ಶಕ್ತಿಯ ಜಾಗದಲ್ಲಿ, ಎರಡನೆಯದು 4 ಜಿಇವಿ (4,000 ಎಂಇವಿ) ದಾಟಿದ ಮೇಲೆ.

ಒಂದೇ ಚಿಕೇನ್‌ನಲ್ಲಿ ಯಾಕೆ ಮುಗಿಸುವುದಿಲ್ಲ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ರುಚಿ ಅನಿಸುವುದು ಇದೇ. ಬಾಗುವ ಎಲೆಕ್ಟ್ರಾನ್ ಬೆಳಕು ಸೂಸುತ್ತದೆ. ಮಾಮೂಲಿಯಾಗಿ ಒಂದೊಂದೂ ತನ್ನ ಪಾಡಿಗೆ ಸೂಸುತ್ತದೆ, ಒಟ್ಟು ಬೆಳಕು ಎಲೆಕ್ಟ್ರಾನ್‌ಗಳ ಸಂಖ್ಯೆಗೆ ತಕ್ಕಷ್ಟು. ಆದರೆ ಬಂಚ್ ಆ ಬೆಳಕಿನ ತರಂಗಕ್ಕಿಂತ ಗಿಡ್ಡವಾದರೆ ಎಲ್ಲವೂ ಒಂದೇ ತಾಳದಲ್ಲಿ ಸೂಸುತ್ತವೆ. ಆಗ ಅಂಥ ತರಂಗಗಳ ಬೆಳಕು ಸಂಖ್ಯೆಯ ವರ್ಗದಷ್ಟು ಏರುತ್ತದೆ. 150 ಕೋಟಿಯ ವರ್ಗ ಎಂದರೆ ಸುಮ್ನೆ ಮಾತಲ್ಲ. ಇನ್ನೊಂದು ತೊಂದರೆ ಏನೆಂದರೆ, ಬಾಲ ಸೂಸಿದ ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ, ಬಂಚ್ ಕಮಾನಿನಲ್ಲಿ ಹೋಗುತ್ತದೆ. ಹಾಗಾಗಿ ಬೆಳಕು ತಲೆಯನ್ನು ಹಿಡಿದು ಅದಕ್ಕೆ ಶಕ್ತಿ ತುಂಬುತ್ತದೆ, ಬಾಲ ಶಕ್ತಿ ಕಳೆದುಕೊಳ್ಳುತ್ತದೆ. ಬಾಗುತ್ತಿರುವಾಗಲೇ ಶಕ್ತಿ ಬದಲಾದರೆ ಎಲೆಕ್ಟ್ರಾನ್ ತನ್ನ ಸಾಲಿಗೆ ಸರಿಯಾಗಿ ವಾಪಸ್ ಬರುವುದಿಲ್ಲ. ಬಂಚ್ ಉದ್ದದಲ್ಲಿ ಗಿಡ್ಡವಾಗಿ ಅಡ್ಡಕ್ಕೆ ಕೆಡುತ್ತದೆ. ಅಡ್ಡಕ್ಕೆ ಕೆಟ್ಟ ಬಂಚ್‌ನಿಂದ ಎಕ್ಸ್‌ರೇ ಲೇಸರ್ ಬರುವುದಿಲ್ಲ. ಆದ್ದರಿಂದ ಬಾಗು ಮೆತ್ತಗಿರಬೇಕು, ಒತ್ತುವುದು ಎರಡು ಕಂತಿನಲ್ಲಿ ಆಗಬೇಕು.

ಇದರ ಜೊತೆಗೆ ಬಂಚ್‌ನೊಳಗಿನ ಸಣ್ಣ ಸಣ್ಣ ಏರುಪೇರು ಚಿಕೇನ್ ದಾಟುವಾಗ ಬೆಳೆದು ದೊಡ್ಡದಾಗುತ್ತದೆ. ಇದನ್ನು ತಡೆಯಲು ಲೇಸರ್ ಹೀಟರ್ ಎಂಬುದನ್ನು ಇಟ್ಟಿದ್ದಾರೆ. ಅಷ್ಟು ಕಷ್ಟಪಟ್ಟು ಮಾಡಿದ ಶುದ್ಧ ಬಂಚನ್ನು ಬೇಕಂತಲೇ ಸ್ವಲ್ಪ ಕೆಡಿಸುವ ಸಲಕರಣೆ! ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಲೇಸರ್‌ನಿಂದ ಒಂಚೂರು ಕಲಕಿದರೆ ಆ ಏರುಪೇರು ಅಳಿಸಿಹೋಗುತ್ತದೆ.

ಒಂದು ಮಾತು ಗಮನದಲ್ಲಿರಲಿ. ಉದ್ದದಲ್ಲಿ ಉಳಿಸಿದ್ದನ್ನೆಲ್ಲ ಶಕ್ತಿಯ ಹರವಿನಲ್ಲಿ ಖರ್ಚು ಮಾಡಿರುತ್ತೇವೆ. ಶಕ್ತಿ ಮತ್ತು ಕಾಲದ ಗ್ರಾಫ್‌ನಲ್ಲಿ ಬಂಚ್ ಹಿಡಿಯುವ ಜಾಗ ಕುಗ್ಗುವುದಿಲ್ಲ, ಆಕಾರ ಮಾತ್ರ ಓರೆಯಾಗಿ ತಿರುಗುತ್ತದೆ. ಲಿಯೊವಿಲ್ ಪ್ರಮೇಯ ನಿಮ್ಮ ಸಿಲಬಸ್‌ನಲ್ಲಿ ಬಂದಾಗ ಇದನ್ನು ನೆನೆಸಿಕೊಳ್ಳಿ, ಪುಸ್ತಕದ ಉದಾಹರಣೆಗಿಂತ ಬೇಗ ತಲೆಗೆ ಹತ್ತುತ್ತದೆ.

ಇನ್ನು ಇಂದೋರಿನದು. ಇಲ್ಲ, ಇಂಡಸ್-2ರಲ್ಲಿ ಹೀಗೆ ಮಾಡುವುದಿಲ್ಲ. ಅದು 2.5 ಜಿಇವಿಯ ಸ್ಟೋರೇಜ್ ರಿಂಗ್, ಅಂದರೆ ಎಲೆಕ್ಟ್ರಾನ್‌ಗಳು ಸುತ್ತುತ್ತಲೇ ಇರುವ ಉಂಗುರ, ಸುತ್ತಳತೆ 172.5 ಮೀಟರ್. ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಸುಮಾರು 17 ಲಕ್ಷ ಸುತ್ತು ಹಾಕುತ್ತವೆ. ನೀವು ಒಮ್ಮೆ ಒತ್ತಿ ಬಿಟ್ಟರೂ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಬಂಚ್ ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಚಿಕೇನ್ ಉಪಾಯ ಒಂದೇ ಸಲ ಹಾದುಹೋಗುವ ನೇರ ಯಂತ್ರಗಳಿಗೆ. ದೆಹಲಿಯ ಐಯುಎಸಿ (ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್) ಕೈಗೆತ್ತಿಕೊಂಡ ಡೆಲ್ಲಿ ಲೈಟ್ ಸೋರ್ಸ್ ಯೋಜನೆಯ ದಾರಿ ಬೇರೆ. ಗನ್ನಿಗೆ ಹೊಡೆಯುವ ಲೇಸರ್ ಪಲ್ಸನ್ನೇ ತುಂಡು ಮಾಡಿ, ಹುಟ್ಟುವಾಗಲೇ ಸಾಲಾದ ಕಿರು ಬಂಚ್‌ಗಳನ್ನು ಪಡೆದು ಟೆರಾಹರ್ಟ್ಸ್ ಬೆಳಕು ಮಾಡುವುದು ಅಲ್ಲಿನ ಗುರಿ.

ವೇಗದ ವ್ಯತ್ಯಾಸದಿಂದಲೇ ಬಂಚ್ ಮಾಡುವ ಯಂತ್ರವೂ ಇದೆ, ಅದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇರುತ್ತದೆ. ರೇಡಿಯೇಶನ್ ಕೊಡುವ ಲೀನಿಯರ್ ಆಕ್ಸಿಲರೇಟರ್‌ನ ಗನ್ನಿನಿಂದ ಎಲೆಕ್ಟ್ರಾನ್ ಹೊರಡುವಾಗ ಅದರ ವೇಗ ಬೆಳಕಿನದರ ಅರ್ಧದ ಆಸುಪಾಸು ಇರುತ್ತದೆ. ಅಲ್ಲಿ ಹಿಂದಿನದು ಮುಂದಿನದನ್ನು ನಿಜವಾಗಿಯೂ ಓಡಿ ಹಿಡಿಯುತ್ತದೆ. ಶಕ್ತಿ 80 ಕೆಇವಿ ಇಟ್ಟು, ಮೇಲಿನ ಶೇ. 1ರ ಲೆಕ್ಕವನ್ನೇ ಒಂದು ಮೀಟರ್ ದಾರಿಗೆ ಮಾಡಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಲೆಕ್ಕ ಕೆಳಗೆ ಹಾಕಿ, ನೋಡುತ್ತೇನೆ.