ಸಂಪಾದಕರ ಉತ್ತರ: ಭತ್ತ ಬೆಳೆದವರಿಗೆ ಎಷ್ಟು ಪುಟ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯವನ್ನು ಕುರಿತು ಪ್ರಕಟವಾದ ಲೇಖನಕ್ಕೆ ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟಗಳ ಆಕ್ಷೇಪಣೆ ಬರೆದಿದ್ದಾರೆ. ಅವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು; ಮಗಳು ಆ ರಾಜ್ಯದ ಗ್ರೀನ್‌ವಿಲ್‌ನಲ್ಲಿ ನೆಲೆಸಿದ್ದಾರಂತೆ. ಲೇಖನದ ಅರ್ಧಕ್ಕೂ ಹೆಚ್ಚು ಭಾಗ ಗುಲಾಮರಿಗೂ ಭತ್ತದ ಗದ್ದೆಗಳಿಗೂ ಹೋಗಿದೆ, ಬಿಎಂಡಬ್ಲ್ಯೂ ಕಾರ್ಖಾನೆಗೂ ಚಾರ್ಲ್ಸ್‌ಟನ್ ಬಂದರಿಗೂ ಎರಡೇ ಪ್ಯಾರಾ ಸಿಕ್ಕಿವೆ ಎಂಬುದು ಅವರ ದೂರು. "ಅಲ್ಲಿ ಭತ್ತ ಹೋಗಿ ನೂರು ವರ್ಷವಾಯಿತು. ದುಡಿಯುವವರು ಎಲ್ಲ ಕಡೆಯೂ ಇರುತ್ತಾರೆ. ನಾಡು ಕಟ್ಟುವುದು ಬಂಡವಾಳ ಮತ್ತು ಬುದ್ಧಿ. ನಮ್ಮ ಹುಡುಗರು ಓದಬೇಕಾದದ್ದು ಅದನ್ನು" ಎಂದು ಬರೆದಿದ್ದಾರೆ.

ಮಾನ್ಯರೇ, ತಮ್ಮ ಪತ್ರದಲ್ಲಿ ನ್ಯಾಯವಾದ ಮಾತೂ ಇದೆ. 1992ರಲ್ಲಿ ಘೋಷಣೆಯಾಗಿ 1994ರಲ್ಲಿ ಕಾರು ಹೊರತರಲು ಶುರುಮಾಡಿದ ಸ್ಪಾರ್ಟನ್‌ಬರ್ಗ್ ಕಾರ್ಖಾನೆ ಇಂದು ಆ ಜರ್ಮನ್ ಕಂಪನಿಗೆ ಜಗತ್ತಿನಲ್ಲೇ ಅತಿ ದೊಡ್ಡದು. ಮಿಶೆಲಿನ್ ಟಯರಿನ ಉತ್ತರ ಅಮೆರಿಕದ ಕೇಂದ್ರ ಕಚೇರಿ ಗ್ರೀನ್‌ವಿಲ್‌ನಲ್ಲಿದೆ, ಬೋಯಿಂಗ್ ತನ್ನ 787 ವಿಮಾನಗಳನ್ನು ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ಜೋಡಿಸುತ್ತದೆ, 2022ರಲ್ಲಿ ಬಂದರಿನ ಆಳವನ್ನು 52 ಅಡಿಗೆ ಇಳಿಸಿದರು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಬುದ್ಧಿಯನ್ನು ಬಂಡವಾಳದ ಮಗ್ಗುಲಲ್ಲಿ ಕೂರಿಸಿ, ದುಡಿಮೆಯನ್ನು ಜಗಲಿಯ ಆಚೆ ನಿಲ್ಲಿಸುವ ತಮ್ಮ ಲೆಕ್ಕವನ್ನು ನಾನು ಒಪ್ಪಲಾರೆ. ಅದರಲ್ಲೂ ಈ ರಾಜ್ಯದ ಮಟ್ಟಿಗೆ ಆ ಲೆಕ್ಕ ತಾಳೆಯಾಗುವುದೇ ಇಲ್ಲ.

1670ರಲ್ಲಿ ಚಾರ್ಲ್ಸ್‌ಟನ್ ವಸಾಹತನ್ನು ಹೂಡಿದವರಲ್ಲಿ ಅನೇಕರು ಬಾರ್ಬಡೋಸ್ ದ್ವೀಪದಿಂದ ಬಂದವರು. ಅವರಿಗೆ ಕಬ್ಬು ಗೊತ್ತಿತ್ತು, ಗುಲಾಮರನ್ನು ಹದ್ದಿನಲ್ಲಿಡುವ ಕಾನೂನು ಗೊತ್ತಿತ್ತು; ಭತ್ತ ಗೊತ್ತಿರಲಿಲ್ಲ. ಗೊತ್ತಿದ್ದವರು ಸೆನೆಗಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್ ಕಡೆಯಿಂದ ಹಡಗಿನಲ್ಲಿ ಸಂಕೋಲೆ ಹಾಕಿಸಿಕೊಂಡು ಬಂದ ಜನ. 1708ರ ಹೊತ್ತಿಗಾಗಲೇ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆ ಹೆಚ್ಚಾಗಿತ್ತು. ಭತ್ತದ ತಿಳಿವಳಿಕೆ ಈ ಜನರೊಂದಿಗೇ ಬಂತು ಎಂದು ಮೊದಲಿಗೆ ಗಟ್ಟಿಯಾಗಿ ವಾದಿಸಿದವರು ಇತಿಹಾಸಕಾರ ಪೀಟರ್ ವುಡ್, 1974ರಲ್ಲಿ; ಆ ವಾದವನ್ನು ಗದ್ದೆಯಿಂದ ಒರಳಿನವರೆಗೆ ಬೆಳೆಸಿದವರು ಭೂಗೋಳತಜ್ಞೆ ಜುಡಿತ್ ಕಾರ್ನಿ, 2001ರಲ್ಲಿ. ಹಡಗುಗಳ ದಾಖಲೆ ಎಣಿಸಿ ಇದು ಅತಿಯಾಯಿತು ಎಂದ ವಿದ್ವಾಂಸರೂ ಇದ್ದಾರೆ, ಅವರನ್ನೂ ಓದಿದ್ದೇನೆ. ಅವರ ಅಂಕಿಗಳ ಮೇಲೆ ನನಗೆ ಗೌರವವಿದೆ, ಆದರೆ ಹಡಗಿನ ಪಟ್ಟಿಯಲ್ಲಿ ಯಾರಿಗೆ ನೀರು ಕಟ್ಟಲು ಬರುತ್ತಿತ್ತೆಂದು ಬರೆದಿರುವುದಿಲ್ಲ.

ನೀರು ಕಟ್ಟುವುದೆಂದರೆ ಅಲ್ಲಿ ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೂಪರ್, ಸ್ಯಾಂಟೀ, ಕಂಬಾಹೀ ನದಿಗಳು ಕಡಲು ಸೇರುವ ಮುಂಚೆ ಸಮತಟ್ಟಾದ ಜವುಗಿನಲ್ಲಿ ಹರಿಯುತ್ತವೆ. ಉಬ್ಬರ ಬಂದಾಗ ಕಡಲು ನದಿಯನ್ನು ಹಿಂದಕ್ಕೆ ನೂಕುತ್ತದೆ; ಉಪ್ಪುನೀರು ಭಾರವಾದ್ದರಿಂದ ತಳದಲ್ಲೇ ನಿಂತು, ಸಿಹಿನೀರು ಮೇಲೇರುತ್ತದೆ. ಈ ಏರಿಳಿತ ತಲುಪುವ, ಆದರೆ ಉಪ್ಪು ತಲುಪದ ಪಟ್ಟಿಯಲ್ಲಿ ಮಾತ್ರ ಗದ್ದೆ ಮಾಡಲು ಸಾಧ್ಯ. ಸೈಪ್ರೆಸ್ ಮರಗಳ ಕಾಡು ಕಡಿದು, ಸೊಂಟದವರೆಗಿನ ಕೆಸರಿನಲ್ಲಿ ನಿಂತು ಒಡ್ಡು ಹಾಕಿ, ಅದರ ಬುಡದಲ್ಲಿ ತೂಬು ಹೂಳುತ್ತಿದ್ದರು. ತೂಬೆಂದರೆ ಉದ್ದನೆಯ ಮರದ ಪೆಟ್ಟಿಗೆ. ಎರಡೂ ತುದಿಗೆ ಮೇಲಿನಿಂದ ತೂಗುಬಿಟ್ಟ ಬಾಗಿಲು. ಹೊರಬಾಗಿಲನ್ನು ಎತ್ತಿ ಕಟ್ಟಿದರೆ ಉಬ್ಬರದ ನೀರು ನುಗ್ಗಿ ಒಳಬಾಗಿಲನ್ನು ತಾನೇ ತಳ್ಳಿಕೊಂಡು ಗದ್ದೆ ಸೇರುತ್ತದೆ. ಇಳಿತ ಶುರುವಾದೊಡನೆ ಗದ್ದೆಯ ನೀರೇ ಆ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಎತ್ತು ಬೇಡ, ಏತ ಬೇಡ. ಆದರೆ ನದಿ ಸೊರಗಿದಾಗ ಉಪ್ಪು ಎಲ್ಲಿಯವರೆಗೆ ಏರಿ ಬಂದಿದೆ ಎಂಬುದನ್ನು ಗುರುತಿಸದೆ ಬಾಗಿಲು ಎತ್ತಿದರೆ ಆ ವರ್ಷದ ಬೆಳೆ ಹೋಯಿತು. ಕೂಪರ್ ನದಿಯ ಪೂರ್ವ ಕವಲೊಂದರಲ್ಲೇ 50 ಮೈಲಿಗೂ ಹೆಚ್ಚು ಉದ್ದದ ಒಡ್ಡುಗಳಿದ್ದವೆಂದು ಪುರಾತತ್ತ್ವಜ್ಞ ಲೆಲಂಡ್ ಫರ್ಗುಸನ್ ಲೆಕ್ಕ ಹಾಕಿದ್ದಾರೆ.

ತಾವು ಹೇಳುವ ಬಂಡವಾಳ ಆಗ ಎಲ್ಲಿತ್ತು ಗೊತ್ತೇ? ಮಲೇರಿಯಾಕ್ಕೆ ಹೆದರಿ, ಪೈರು ನಿಂತ ಬೇಸಿಗೆಯುದ್ದಕ್ಕೂ ಚಾರ್ಲ್ಸ್‌ಟನ್‌ನ ಗಾಳಿಗೆ ಬಂದು ಕುಳಿತಿರುತ್ತಿತ್ತು. ತೂಬು ಕಾಯುತ್ತಿದ್ದವನು ಗುಲಾಮ. ಅವನು ತನ್ನ ವಿದ್ಯೆಯನ್ನು ಬರೆದಿಡಲಿಲ್ಲವೇಕೆ ಎಂದು ಯಾರಾದರೂ ಕೇಳಿದರೆ, 1739ರಲ್ಲಿ ಗುಲಾಮರು ಎದ್ದ ಸ್ಟೋನೊ ದಂಗೆಯ ಮರುವರ್ಷ ಬಂದ ಕಾನೂನನ್ನು ತೋರಿಸಬೇಕು: ಗುಲಾಮನಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ. ಬರೆಯುವ ಕೈಯನ್ನು ಕಟ್ಟಿಹಾಕಿ, ಆಮೇಲೆ ಬರಹದ ಪುರಾವೆ ಕೇಳುವುದು ಎಲ್ಲ ಕಾಲದ ಯಜಮಾನರ ಹಳೆಯ ಚಾಳಿ.

ಬರೆದವರು ಯಾರು, ಏನು ಬರೆದರು ಎಂಬುದಕ್ಕೂ ಒಂದು ನಿದರ್ಶನ ಕೊಡುತ್ತೇನೆ. ಚಾರ್ಲ್ಸ್‌ಟನ್‌ನ ವರ್ತಕ ಹೆನ್ರಿ ಲಾರೆನ್ಸ್, ಸಿಯೆರಾ ಲಿಯೋನ್‌ನ ಬನ್ಸ್ ದ್ವೀಪದಿಂದ ಬರುವ ಗುಲಾಮರನ್ನು ಕಮಿಷನ್ ಮೇಲೆ ಮಾರಿಕೊಡುತ್ತಿದ್ದ. ಆ ದ್ವೀಪದ ಕೋಠಿಯ ಒಡೆಯರಲ್ಲಿ ಪ್ರಮುಖ ಲಂಡನ್ನಿನ ರಿಚರ್ಡ್ ಆಸ್ವಾಲ್ಡ್. 1782ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯದ ಕರಾರು ಮಾತುಕತೆ ನಡೆದಾಗ ಬ್ರಿಟನ್ನಿನ ಪರ ಕುಳಿತವನು ಇದೇ ಆಸ್ವಾಲ್ಡ್. ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬ ಇದೇ ಲಾರೆನ್ಸ್. ಹಳೆಯ ವ್ಯವಹಾರಸ್ಥರಿಬ್ಬರೂ ಎದುರುಬದುರು! ಕೊನೆಯ ಗಳಿಗೆಯಲ್ಲಿ ಬಂದ ಲಾರೆನ್ಸ್ ಸೇರಿಸಿದ ಸಾಲು ಯಾವುದು? ಬ್ರಿಟಿಷ್ ಸೈನ್ಯ ಹಿಂತಿರುಗುವಾಗ ನೀಗ್ರೋಗಳನ್ನಾಗಲಿ ಇತರ ಆಸ್ತಿಯನ್ನಾಗಲಿ ಒಯ್ಯಕೂಡದು ಎಂಬುದು. ಆ ಸೈನ್ಯದ ನಾಯಕರಲ್ಲಿ ಒಬ್ಬನನ್ನು ತಾವೂ ಬಲ್ಲಿರಿ. 1780ರಲ್ಲಿ ಈ ರಾಜ್ಯದ ಕ್ಯಾಮ್ಡೆನ್‌ನಲ್ಲಿ ಗೆದ್ದು, ಮರುವರ್ಷ ವರ್ಜೀನಿಯಾದಲ್ಲಿ ಶರಣಾದ ಕಾರ್ನ್‌ವಾಲಿಸ್ಸನೇ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡವನು.

1860ರಲ್ಲಿ ರಾಜ್ಯದ 7,03,708 ಜನರಲ್ಲಿ 4,02,406 ಮಂದಿ ಗುಲಾಮರು. ಅಮೆರಿಕದ ಒಕ್ಕೂಟದಿಂದ ಮೊದಲು ಹೊರಬಿದ್ದ ರಾಜ್ಯ ಇದೇ ಆಗಿದ್ದರ ಕಾರಣವನ್ನು ಬೇರೆ ಕಡೆ ಹುಡುಕಬೇಕಿಲ್ಲ. ಆಮೇಲಿನ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಒಡೆಯರ ಬಳಿ ಭೂಮಿಯಿತ್ತು, ತೂಬಿತ್ತು, ನದಿಯಿತ್ತು. ಆ ಕೆಸರಿಗೆ ಇಳಿಯಲು ಜನ ಸಿಗಲಿಲ್ಲ. 1893 ಮತ್ತು 1911ರ ಚಂಡಮಾರುತಗಳು ಉಳಿದದ್ದನ್ನು ಮುಗಿಸಿದವು.

ಭತ್ತ ಹೋಯಿತು, ನಿಜ. ಭತ್ತದ ಗದ್ದೆಯ ನೀತಿ ಹೋಯಿತೇ? ಬೆಟ್ಟದ ತಪ್ಪಲಿನ ಗ್ರೀನ್‌ವಿಲ್, ಸ್ಪಾರ್ಟನ್‌ಬರ್ಗ್ ಕಡೆ ಬಟ್ಟೆ ಗಿರಣಿಗಳು ಎದ್ದವು. 1915ರ ಕಾನೂನು ಕರಿಯರೂ ಬಿಳಿಯರೂ ಒಂದೇ ಕೋಣೆಯಲ್ಲಿ ನೂಲುವುದನ್ನು ನಿಷೇಧಿಸಿ, ಗಿರಣಿಯ ಕೆಲಸವನ್ನು ಬಿಳಿಯರಿಗೇ ಮೀಸಲಿಟ್ಟಿತು. ಆ ಬಿಳಿಯರಾದರೂ ಸುಖಪಟ್ಟರೇ ಎಂದರೆ, 1934ರ ಮುಷ್ಕರದಲ್ಲಿ ಹನಿಯಾ ಪಾತ್ ಎಂಬ ಊರಿನ ಗಿರಣಿಯ ಮುಂದೆ ಗುಂಡಿಗೆ ಬಿದ್ದ ಏಳು ಮಂದಿ ಅವರೇ. 1954ರಲ್ಲಿ ಕಾರ್ಮಿಕ ಸಂಘಗಳ ಬಲ ಕುಗ್ಗಿಸುವ ಕಾನೂನು ಬಂತು. ಇಂದಿಗೂ ಅಮೆರಿಕದಲ್ಲಿ ಸಂಘದ ಸದಸ್ಯರು ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಇದೊಂದು. ಹೊರಗಿನ ಕಂಪನಿಗಳನ್ನು ಕರೆಯುವಾಗ ಅಲ್ಲಿನ ರಾಜಕಾರಣಿಗಳು ಇದನ್ನು ಮುಚ್ಚಿಡುವುದಿಲ್ಲ, ಮುಂದೊಡ್ಡುತ್ತಾರೆ. ಆದ್ದರಿಂದ ತಮ್ಮ ಮೆಚ್ಚಿನ ಕಾರಿನ ಕಾರ್ಖಾನೆಯ ಕಥೆಯನ್ನು 1992ರಿಂದ ಆರಂಭಿಸುವುದು ನನ್ನಿಂದಾಗದು.

ನಮ್ಮ ಶಾಲೆಗಳಲ್ಲಿ ಭೂಗೋಳಕ್ಕೊಂದು, ಇತಿಹಾಸಕ್ಕೊಂದು, ಅರ್ಥಶಾಸ್ತ್ರಕ್ಕೊಂದು ನೋಟ್‌ಬುಕ್ ಇಡಿಸುತ್ತೇವೆ. ಮೊದಲನೆಯದರಲ್ಲಿ ಬೆಳೆ, ಎರಡನೆಯದರಲ್ಲಿ ಯುದ್ಧ, ಮೂರನೆಯದರಲ್ಲಿ ರಫ್ತು. ಉಬ್ಬರದ ನೀರೂ 1740ರ ಕಾನೂನೂ ಬಂದರಿನ ಸಂಪತ್ತೂ ಒಂದೇ ಸಂಗತಿಯೆಂದು ಹೇಳಲು ಯಾವ ನೋಟ್‌ಬುಕ್ಕಿನಲ್ಲೂ ಜಾಗವಿಲ್ಲ. ಆ ಮಕ್ಕಳೇ ಬೆಳೆದು ಪತ್ರಿಕೆಗಳಲ್ಲಿ ಸಾಧಕರ ಕಥೆ ಬರೆಯುತ್ತಾರೆ: ಉದ್ಯಮಿ ಬಂದರು, ಬಂಜರು ಬಂಗಾರವಾಯಿತು. ಬಂಜರು ಎನ್ನುವ ಮುಂಚೆ ಅಲ್ಲಿ ಯಾರಿದ್ದರೆಂದು ವಿಚಾರಿಸುವುದಿಲ್ಲ. ಹಿಲ್ಟನ್ ಹೆಡ್ ದ್ವೀಪಕ್ಕೆ 1956ರಲ್ಲಿ ಸೇತುವೆಯಾಗಿ ಗಾಲ್ಫ್ ಮೈದಾನಗಳು ಬಂದವು ಎಂದು ಪ್ರವಾಸಿ ಲೇಖನಗಳು ಹಾಡಿ ಹೊಗಳುತ್ತವೆ; ಗುಲಾಮರ ಸಂತತಿಯವರಾದ ಗಲ್ಲಾ ಜನರ ಕೈಯಿಂದ ಜಮೀನು ಹೇಗೆ ಜಾರಿತು ಎಂಬುದು ಅಡಿಟಿಪ್ಪಣಿಗೂ ಬರುವುದಿಲ್ಲ. ಮೌಂಟ್ ಪ್ಲೆಸೆಂಟ್‌ನ ಹೆದ್ದಾರಿ ಬದಿಯಲ್ಲಿ ಅವರ ಹೆಂಗಸರು ಇಂದಿಗೂ ಸ್ವೀಟ್‌ಗ್ರಾಸ್ ಹುಲ್ಲಿನ ಸುರುಳಿಯನ್ನು ತಾಳೆಯೆಲೆಯ ಸೀಳಿನಿಂದ ಹೊಲಿದು ಬುಟ್ಟಿ ಮಾಡುತ್ತಾರೆ. ಅದರ ಹಳೆಯ ರೂಪ ಭತ್ತ ಕೇರುವ ಅಗಲವಾದ ಮೊರ. ಆ ಹುಲ್ಲು ಬೆಳೆಯುವ ಕಡಲಂಚಿನಲ್ಲಿ ಈಗ ಬಡಾವಣೆಗಳು ಎದ್ದಿವೆ.

ತಾವು ಪತ್ರದ ಕೊನೆಯಲ್ಲಿ, ಮಗಳ ಮನೆಗೆ ಹೋದಾಗ ಕಾರ್ಖಾನೆಯನ್ನು ಕಣ್ಣಾರೆ ನೋಡಿ ಬಂದದ್ದಾಗಿ ತಿಳಿಸಿದ್ದೀರಿ. ಅದರ ಮೇಲೆ ತಾವೇ ಒಂದು ಲೇಖನ ಬರೆದು ಕಳಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ. ಸರಕಾರ ಕೊಟ್ಟ ರಿಯಾಯಿತಿ ಏನು, ಕಾಯಂ ನೌಕರನಿಗೂ ಗುತ್ತಿಗೆ ನೌಕರನಿಗೂ ಸಂಬಳದಲ್ಲಿ ಎಷ್ಟು ಅಂತರ, ಒಳಗೆ ಸಂಘವೇಕಿಲ್ಲ ಎಂಬ ವಿವರಗಳು ಅದರಲ್ಲಿರಲಿ. ಹತ್ತನೇ ತಾರೀಖಿನೊಳಗೆ ತಲುಪಿದರೆ ಮುಂದಿನ ಸಂಚಿಕೆಗೇ ಸೇರಿಸಬಹುದು.